ಸಭಾಕಂಪವೂ ಸಂಶೋಧಕ ವಿದ್ಯಾರ್ಥಿಯೂ

ಸಂಗೀತಕ್ಕೆ ಕಿವಿಗೊಟ್ಟು ಕುಳಿತ ಸಭೆಯಲ್ಲಿ ರಾಗವನ್ನು ಗುರುತಿಸುವವರುಂಟು. ತೊಡೆಯ ಮೇಲೆ ತಾಳವನ್ನೆಣಿಸುವವರುಂಟು. ಪಲ್ಲವಿಯ ಎಡುಪು ಎಲ್ಲಿ ಬಿದ್ದಿತೆಂದು ಪಕ್ಕದವರ ಕಿವಿಯಲ್ಲಿ ಉಸುರುವವರೂ ಉಂಟು. ಆದರೆ ವೇದಿಕೆಯ ಮೇಲೆ ಕುಳಿತವನ ಅಂಗೈ ಬೆವರಿದೆಯೇ, ಅವನ ನಾಲಗೆ ಒಣಗಿದೆಯೇ, ಹಿಂದಿನ ರಾತ್ರಿ ಅವನಿಗೆ ನಿದ್ರೆ ಬಂದಿತ್ತೇ ಎಂದು ಆಲೋಚಿಸುವವರು ಅತಿ ವಿರಳ. ದೀಪದ ಬೆಳಕನ್ನು ಕೊಂಡಾಡುವವರು ಬತ್ತಿಯನ್ನು ನೋಡುವುದಿಲ್ಲ. ಹಾಡು ಚೆನ್ನಾಗಿದ್ದರೆ ಹಾಡಿದವನೂ ಚೆನ್ನಾಗಿಯೇ ಇರಬೇಕೆಂದು ಲೋಕವು ತಾನಾಗಿಯೇ ಭಾವಿಸಿಬಿಡುತ್ತದೆ. ಈ ಭಾವನೆ ಎಷ್ಟರ ಮಟ್ಟಿಗೆ ನಿಜವೆಂಬುದನ್ನು ವಿಚಾರಿಸುವ ಹೊಸ ತರದ ವಿದ್ಯಾರ್ಥಿಗಳ ಗುಂಪೊಂದು ಈಚಿನ ದಶಕಗಳಲ್ಲಿ ಹಲವು ದೇಶಗಳಲ್ಲಿ ತಲೆಯೆತ್ತಿದೆ. ಅವರ ಕೆಲಸವೇನು, ಅದರಿಂದ ಸಂಗೀತಕ್ಕೆ ಹಿತವೋ ಅಹಿತವೋ ಎಂಬುದು ಸಂಗೀತವನ್ನು ಪ್ರೀತಿಸುವ ಮನೆಗಳವರೆಲ್ಲರೂ ಯೋಚಿಸತಕ್ಕ ವಿಷಯವಾಗಿದೆ.

ಸಭೆಯನ್ನು ಕಂಡು ನಡುಗುವುದಕ್ಕೆ ಕನ್ನಡದಲ್ಲಿ ಸಭಾಕಂಪವೆಂಬ ಸೊಗಸಾದ ಮಾತಿದೆ. ಹೆಸರಿದ್ದಮೇಲೆ ಅನುಭವವೂ ಹಳೆಯದೇ ಆಗಿರಬೇಕು. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ ಎಂದು ಎಂಟು ಸಾತ್ತ್ವಿಕ ಭಾವಗಳನ್ನು ಹೇಳಿದೆ. ಮೈ ಮರಗಟ್ಟುವುದು, ಬೆವರುವುದು, ಕೂದಲು ನಿಮಿರುವುದು, ಗಂಟಲು ಬಿಗಿಯುವುದು, ನಡುಗುವುದು, ಮುಖ ಬಿಳುಪೇರುವುದು, ಕಣ್ಣೀರು, ಎಚ್ಚರ ತಪ್ಪುವುದು — ಇವು ಮನಸ್ಸು ಏಕಾಗ್ರವಾದಾಗ ನಟನ ದೇಹದಲ್ಲಿ ತೋರಬೇಕಾದ ಚಿಹ್ನೆಗಳು. ಇಂದಿನ ವೈದ್ಯರು ಸಭಾಭಯದ ಲಕ್ಷಣಗಳೆಂದು ಬರೆದಿಡುವ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟರೆ ಹೆಚ್ಚಿನ ಅಂತರ ಕಾಣದು. ನಟನು ಕರೆದಾಗ ಮಾತ್ರ ಬರಬೇಕಾದ ಅತಿಥಿಗಳು ಕರೆಯದೆಯೇ ಬಂದು ಮನೆಯನ್ನೆಲ್ಲ ತುಂಬಿಕೊಂಡರೆ ಹೇಗೋ ಹಾಗೆ ಸಭಾಕಂಪ. ಪಾತ್ರದ ಭಯವನ್ನು ತೋರಬೇಕಾದವನು ತನ್ನ ಭಯದಲ್ಲಿಯೇ ಮುಳುಗಿಹೋಗುತ್ತಾನೆ.

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದ ಪ್ರಕೀರ್ಣಕಾಧ್ಯಾಯದಲ್ಲಿ ಗಾಯಕರ ಇಪ್ಪತ್ತೈದು ದೋಷಗಳನ್ನು ಎಣಿಸಿದ್ದಾನೆ. ಹಲ್ಲು ಕಚ್ಚಿ ಹಾಡುವವನು, ಮೂಗಿನಿಂದ ಹಾಡುವವನು, ತಾಳ ತಪ್ಪುವವನು ಮುಂತಾದವರ ನಡುವೆ ಭೀತ, ಶಂಕಿತ, ಕಂಪಿತ ಎಂಬ ಮೂವರೂ ಕುಳಿತಿದ್ದಾರೆ. ದೋಷಗಳ ಪಟ್ಟಿ ಪರೀಕ್ಷಕನಿಗೆ ಉಪಯುಕ್ತ. ಯಾರನ್ನು ಒಪ್ಪಬೇಕು, ಯಾರನ್ನು ಬಿಡಬೇಕು ಎಂಬುದು ಅದರಿಂದ ತಿಳಿಯುತ್ತದೆ. ಭೀತನು ಏಕೆ ಭೀತನಾದನು, ಅವನಿಗೆ ಮಾಡತಕ್ಕ ಉಪಾಯವೇನು ಎಂಬ ಪ್ರಶ್ನೆ ಆ ಪಟ್ಟಿಯ ಹೊರಗೆ ಉಳಿದಿದೆ.

ಆದರೂ ಶಾರ್ಙ್ಗದೇವನನ್ನು ಅಷ್ಟಕ್ಕೇ ಬಿಟ್ಟರೆ ಅನ್ಯಾಯವಾದೀತು. ಅವನು ತನ್ನ ಮಹಾಗ್ರಂಥದ ಮೊದಲ ಅಧ್ಯಾಯದಲ್ಲಿ ಸ್ವರಗಳನ್ನು ವಿವರಿಸುವ ಮುಂಚೆ ಪಿಂಡೋತ್ಪತ್ತಿಯೆಂಬ ಪ್ರಕರಣವನ್ನಿಟ್ಟು, ಮನುಷ್ಯದೇಹ ಹೇಗೆ ಹುಟ್ಟಿ ಬೆಳೆಯುತ್ತದೆಂಬುದನ್ನು ವಿಸ್ತಾರವಾಗಿ ಹೇಳುತ್ತಾನೆ. ಸಂಗೀತದ ಪುಸ್ತಕದಲ್ಲಿ ಮೂಳೆ, ನಾಡಿ, ಗರ್ಭಗಳ ಮಾತೇಕೆಂದು ಎಳೆಯ ವಿದ್ಯಾರ್ಥಿಗಳು ಬೇಸರಪಟ್ಟು ಪುಟ ಮಗುಚುವುದುಂಟು. ಆದರೆ ಅವನ ಕ್ರಮದಲ್ಲಿ ಆಳವಾದ ಯುಕ್ತಿಯಿದೆ. ನುಡಿಯಬೇಕೆಂಬ ಇಚ್ಛೆ ಆತ್ಮನಲ್ಲಿ ಹುಟ್ಟಿ ಮನಸ್ಸನ್ನು ಪ್ರೇರಿಸುತ್ತದೆ. ಮನಸ್ಸು ದೇಹದೊಳಗಿನ ಅಗ್ನಿಯನ್ನು ತಟ್ಟುತ್ತದೆ. ಅಗ್ನಿ ವಾಯುವನ್ನು ಎಬ್ಬಿಸುತ್ತದೆ. ವಾಯು ನಾಭಿ, ಹೃದಯ, ಕಂಠ, ಶಿರಸ್ಸುಗಳನ್ನು ಹಾದು ಬಾಯಿಗೆ ಬಂದು ನಾದವಾಗುತ್ತದೆ ಎಂಬುದು ಅವನ ಮತ. ಹಾಗಾದರೆ ಮನಸ್ಸೇ ಮೊದಲ ಮೆಟ್ಟಿಲು. ಅದು ಅಲುಗಿದರೆ ಮೇಲಿನ ಮೆಟ್ಟಿಲುಗಳೆಲ್ಲವೂ ಅಲುಗಬೇಕಾದುದು ಸಹಜ. ವಿಜಯನಗರದ ಕಾಲದಲ್ಲಿ ಈ ಗ್ರಂಥಕ್ಕೆ ಕಲಾನಿಧಿಯೆಂಬ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನ ನಾಡಿನಲ್ಲಿ ಈ ತತ್ತ್ವ ಹೊಸದೆನಿಸಬೇಕಾಗಿಲ್ಲ. ಇಂದಿನ ಸಂಶೋಧಕ ವಿದ್ಯಾರ್ಥಿ ಪಿಂಡೋತ್ಪತ್ತಿಪ್ರಕರಣದ ಮುಂದಿನ ಪುಟವನ್ನು ಬರೆಯಲು ಹೊರಟಿದ್ದಾನೆಂದು ತಿಳಿದರೆ ಸಾಕು.

ಪಾಶ್ಚಾತ್ಯರಲ್ಲಿ ಈ ವಿಚಾರವು ಮೊದಲು ಕಿವಿಯಿಂದ ಆರಂಭವಾಯಿತು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ೧೮೬೩ರಲ್ಲಿ ನಾದಾನುಭವವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿ, ಸ್ವರಗಳ ಸಂವಾದ ವಿಸಂವಾದಗಳನ್ನು ಭೌತಶಾಸ್ತ್ರದ ಒರೆಗೆ ಹಚ್ಚಿದನು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಕಾರ್ಲ್ ಸೀಶೋರ್ ಎಂಬ ಪಂಡಿತನು ೧೯೧೯ರಲ್ಲಿ ಗ್ರಾಮಫೋನ್ ತಟ್ಟೆಗಳ ಮೂಲಕ ಸಂಗೀತಶಕ್ತಿಯನ್ನು ಅಳೆಯುವ ಪರೀಕ್ಷೆಗಳನ್ನು ಹೊರತಂದನು. ಅವನ ಸುತ್ತ ನೆರೆದ ವಿದ್ಯಾರ್ಥಿಗಳು ಗಾಯಕರ ಧ್ವನಿಯನ್ನು ಬೆಳಕಿನ ಗೆರೆಯಾಗಿ ಹಾಳೆಯ ಮೇಲೆ ಹಿಡಿದು, ಅಲ್ಲಿನ ಗಾಯಕರ ಕಂಪಿತಸ್ವರವು ಸೆಕೆಂಡಿಗೆ ಸುಮಾರು ಆರೇಳು ಸಲ ತೂಗುತ್ತದೆಂದು ಕಂಡರು. ಇದೆಲ್ಲವೂ ಬೆಲೆಯುಳ್ಳ ಕೆಲಸವೇ. ಆದರೆ ಅಲ್ಲಿ ಅಳೆದುದು ಹೆಚ್ಚಾಗಿ ಸಾಮರ್ಥ್ಯವನ್ನು. ಸಾಮರ್ಥ್ಯವುಳ್ಳವನು ಸುಖವಾಗಿದ್ದಾನೆಯೇ ಎಂಬ ಪ್ರಶ್ನೆಗೆ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. ೧೯೮೦ರ ದಶಕದಲ್ಲಿ ಕಲಾವಿದರ ರೋಗಗಳಿಗಾಗಿಯೇ ವೈದ್ಯರ ಸಂಘಗಳೂ ಪತ್ರಿಕೆಯೂ ಹುಟ್ಟಿದವು. ಸಂಗೀತಶಾಲೆಗಳಲ್ಲಿ ಓದುತ್ತಿದ್ದವರಲ್ಲಿ ಕೆಲವರು ವಾದ್ಯವನ್ನು ಕೆಳಗಿಟ್ಟು, ಅಥವಾ ವಾದ್ಯವನ್ನು ಕೈಯಲ್ಲಿ ಹಿಡಿದುಕೊಂಡೇ, ಮನಶ್ಶಾಸ್ತ್ರವನ್ನೂ ಶರೀರಶಾಸ್ತ್ರವನ್ನೂ ಓದತೊಡಗಿದರು.

ಈ ವಿದ್ಯಾರ್ಥಿಗಳ ಉಪಕರಣಗಳು ವಿಚಿತ್ರವಾದವು. ಎದೆಯ ಬಡಿತವನ್ನು ಗುರುತಿಸುವ ಸಣ್ಣದೊಂದು ಪಟ್ಟಿ, ಜೊಲ್ಲನ್ನು ತೆಗೆದಿಡುವ ಗಾಜಿನ ನಳಿಗೆ, ನಿದ್ರೆಯ ಹೊತ್ತನ್ನು ಬರೆದಿಡುವ ದಿನಚರಿ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನಾವಳಿ. ಇಂಥ ವಿದ್ಯಾರ್ಥಿನಿಯೊಬ್ಬಳು ಹಳೆಯ ವಿದ್ವಾಂಸರೊಬ್ಬರ ಮನೆಗೆ ಪ್ರಶ್ನಾವಳಿಯನ್ನು ಹಿಡಿದು ಹೋದಳೆನ್ನಿ. ವಿದ್ವಾಂಸರು ಕನ್ನಡಕವನ್ನು ಹಣೆಗೇರಿಸಿ ಕೇಳುವರು: “ಏನಮ್ಮಾ, ನನ್ನ ಎದೆ ನಿಮಿಷಕ್ಕೆ ಎಷ್ಟು ಸಲ ಬಡಿದುಕೊಂಡರೆ ನಿನಗೇನು? ತಾಳ ತಪ್ಪದಿದ್ದರೆ ಸಾಲದೇ?” ಅವಳು ವಿನಯದಿಂದ ಹೇಳುವಳು: “ತಾಳ ತಪ್ಪಿಲ್ಲ, ಗುರುಗಳೇ. ಅದು ತಪ್ಪದಂತೆ ಹಿಡಿಯುವುದಕ್ಕೆ ತಾವು ಒಳಗೆ ಏನನ್ನು ತೆರಬೇಕಾಯಿತು ಎಂಬುದಷ್ಟೇ ನನ್ನ ಪ್ರಶ್ನೆ.” ವಿದ್ವಾಂಸರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಕೂಗಿ ಹುಡುಗಿಗೊಂದು ಲೋಟ ಕಾಫಿ ತರಿಸಿ, ನಲವತ್ತು ವರ್ಷ ಹೆಂಡತಿಗೂ ಹೇಳದಿದ್ದ ಮಾತುಗಳನ್ನು ಹೇಳತೊಡಗಿದರೆ ಆಶ್ಚರ್ಯವೇನು? ಕೇಳುವವರಿಲ್ಲದಿದ್ದುದರಿಂದ ಹೇಳಿರಲಿಲ್ಲ, ಅಷ್ಟೇ.

ಹೀಗೆ ಕೇಳಿದಾಗ ಹೊರಬಿದ್ದ ಸಂಗತಿಗಳು ಗಂಭೀರವಾದವು. ಅಮೆರಿಕದ ೪೮ ವಾದ್ಯಮೇಳಗಳ ೨,೨೧೨ ವಾದಕರನ್ನು ವಿಚಾರಿಸಿದ ವರದಿಯೊಂದು ೧೯೮೮ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ ೭೬ ಮಂದಿ ತಮ್ಮ ವಾದನಕ್ಕೇ ಅಡ್ಡಿಯಾಗುವಷ್ಟು ತೀವ್ರವಾದ ಯಾವುದಾದರೊಂದು ತೊಂದರೆಯನ್ನು ಹೇಳಿಕೊಂಡಿದ್ದರು. ನೂರಕ್ಕೆ ೨೪ ಮಂದಿಗೆ ಸಭಾಕಂಪವೇ ಒಂದು ಬಾಧೆಯಾಗಿತ್ತು. ಇವರಾರೂ ಹೊಸಬರಲ್ಲ; ದೇಶದ ಹೆಸರಾಂತ ಮೇಳಗಳಲ್ಲಿ ದಿನವೂ ನುಡಿಸಿ ಜೀವಿಸುವವರು. ಸಂಜೆಯ ಕಚೇರಿಯಲ್ಲಿ ಅವರ ಸಂಗೀತವನ್ನು ಕೇಳಿ ಮೈಮರೆತವರಿಗೆ, ನಾಲ್ವರಲ್ಲಿ ಮೂವರು ನೋವನ್ನು ನುಂಗಿಕೊಂಡು ನುಡಿಸಿದ್ದಿರಬಹುದೆಂದು ಯಾರು ಹೇಳಬೇಕು?

ನೋವನ್ನು ಮುಚ್ಚಿಡುವುದಕ್ಕೆ ಕಾರಣವೂ ಉಂಟು. ಬೆರಳು ನೋಯುತ್ತದೆಂದು ಬಾಯಿಬಿಟ್ಟ ಪಿಟೀಲು ವಾದಕನಿಗೆ ಮುಂದಿನ ಆಮಂತ್ರಣ ಬರುವುದು ಸಂದೇಹ. ಗಂಟಲು ಸರಿಯಿಲ್ಲವೆಂದ ಗಾಯಕಿಯ ಹೆಸರಿನ ಬದಲು ಮತ್ತೊಬ್ಬರ ಹೆಸರು ಅಚ್ಚಾಗುತ್ತದೆ. ಪಕ್ಕವಾದ್ಯದವರ ಪಾಡಂತೂ ಇನ್ನೂ ಕಷ್ಟ. ಅವರು ಕಚೇರಿಯುದ್ದಕ್ಕೂ ಇನ್ನೊಬ್ಬರ ಮನೋಧರ್ಮವನ್ನು ಅನುಸರಿಸುತ್ತ ಕೂರಬೇಕು, ಸಂಭಾವನೆಯಲ್ಲಿಯೂ ಹೊಗಳಿಕೆಯಲ್ಲಿಯೂ ಎರಡನೆಯ ಪಂಕ್ತಿಗೇ ತೃಪ್ತರಾಗಬೇಕು. ಹೀಗಿರಲು ಹೆಸರನ್ನು ಬರೆಯಬೇಕಾಗಿಲ್ಲದ ಪ್ರಶ್ನಾವಳಿಯು ಸಾಮಾನ್ಯ ವಸ್ತುವಲ್ಲ. ಜೀವನಕ್ಕೆ ಕೇಡು ಬರದಂತೆ ಸತ್ಯವನ್ನು ಹೇಳುವ ಅವಕಾಶವು ಕಲಾವಿದನಿಗೆ ಮೊದಲ ಸಲ ಅಲ್ಲಿ ದೊರೆಯುತ್ತದೆ. ಸಂಶೋಧಕ ವಿದ್ಯಾರ್ಥಿಯ ಮೊದಲ ಧರ್ಮವೂ ಇದೇ: ತಿಳಿದುಕೊಂಡುದನ್ನು ಲೋಕಕ್ಕೆ ಹೇಳಬೇಕು, ತಿಳಿಸಿದವರನ್ನು ಮರೆಯಲ್ಲಿಡಬೇಕು.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಎಂಬ ಸಂಗೀತಶಾಲೆಯಲ್ಲಿ ಈ ಬಗೆಯ ಸಂಶೋಧನೆಗಾಗಿಯೇ ಒಂದು ಕೇಂದ್ರವಿದೆ. ಅಲ್ಲಿನವರು ಸ್ವಿಟ್ಜರ್ಲೆಂಡಿನ ಲುಗಾನೋ ನಗರದ ಸಂಗೀತಶಾಲೆಯವರೊಡನೆ ಕೂಡಿ ಒಂದು ಕೃತಕ ಸಭೆಯನ್ನು ನಿರ್ಮಿಸಿದ್ದಾರೆ. ವಿದ್ಯಾರ್ಥಿಯು ವೇದಿಕೆಯ ಹಿಂದಿನ ಕೋಣೆಯಲ್ಲಿ ಕಾದಿರಬೇಕು. ಕರೆ ಬಂದಾಗ ದೀಪಗಳ ಬೆಳಕಿಗೆ ನಡೆಯಬೇಕು. ಎದುರಿಗೆ ತೆರೆಯ ಮೇಲೆ ೨೪ ಮಂದಿ ಶ್ರೋತೃಗಳು, ಅಥವಾ ಪರೀಕ್ಷೆಯಾದರೆ ಮೂವರು ತೀರ್ಪುಗಾರರು, ಜೀವಂತರಂತೆಯೇ ಕುಳಿತಿರುತ್ತಾರೆ. ಅವರು ಕೆಮ್ಮುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಬೇಕಾದರೆ ಮುಖ ಗಂಟಿಕ್ಕುತ್ತಾರೆ. ಪಿಟೀಲು ಕಲಿಯುತ್ತಿದ್ದ ೧೧ ಮಂದಿ ವಿದ್ಯಾರ್ಥಿಗಳನ್ನು ಈ ಮಾಯಾಸಭೆಯಲ್ಲಿ ನಿಲ್ಲಿಸಿ ಪರೀಕ್ಷಿಸಿದ ಫಲಿತಾಂಶಗಳು ೨೦೧೪ರಲ್ಲಿ ಪ್ರಕಟವಾದವು. ಎದುರಿಗಿರುವವರು ಬರಿಯ ಚಿತ್ರಗಳೆಂದು ಬುದ್ಧಿಗೆ ಗೊತ್ತಿದ್ದರೂ ಹೃದಯಕ್ಕೆ ಗೊತ್ತಾಗಲಿಲ್ಲ. ನಿಜವಾದ ಪರೀಕ್ಷಕರ ಮುಂದೆ ಹೇಗೆ ಬಡಿದುಕೊಂಡಿತೋ ಹೆಚ್ಚುಕಡಮೆ ಹಾಗೆಯೇ ಬಡಿದುಕೊಂಡಿತು. ಪಾಂಡವರ ಮಯಸಭೆಯಲ್ಲಿ ಕೌರವನು ನೆಲವನ್ನು ನೀರೆಂದು ಭ್ರಮಿಸಿ ನಗೆಪಾಟಲಾದನು. ಇಲ್ಲಿಯ ಮಾಯಾಸಭೆಯು ನಗುವುದಕ್ಕಲ್ಲ, ಬೀಳುವವನು ಮುಂಚಿತವಾಗಿ ಬಿದ್ದು ಏಳುವುದನ್ನು ಕಲಿಯಲೆಂದು.

೨೦೧೫ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. ವೃತ್ತಿಗಾಯಕರು ಅಭ್ಯಾಸದ ಹೊತ್ತಿನಲ್ಲಿ ಹಾಡಿದಾಗ ಅವರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ದ್ರವ್ಯ ಇಳಿಯಿತು. ಶ್ರೋತೃಗಳು ತುಂಬಿದ ಸಭೆಯಲ್ಲಿ ಹಾಡಿದಾಗ ಅದು ಏರಿತು. ದೇಹವು ಸಂಕಟದ ಸಮಯದಲ್ಲಿ ಸುರಿಸುವ ದ್ರವ್ಯವದು. ಕಂಠವೂ ಅದೇ, ವಿದ್ಯೆಯೂ ಅದೇ. ಎದುರಿಗೆ ಕುಳಿತವರಿಂದ ಮಾತ್ರ ಈ ಬೇಧ. ಸಂಗೀತವು ಆರೋಗ್ಯಕರವೆಂದು ಬೀಸುಮಾತಾಗಿ ಹೇಳುವವರು ಇದನ್ನು ಗಮನಿಸಬೇಕು. ಒಂದೇ ಸಂಗೀತವು ಒಂದು ಸಂದರ್ಭದಲ್ಲಿ ಔಷಧವಾಗಿಯೂ ಇನ್ನೊಂದರಲ್ಲಿ ಆಯಾಸವಾಗಿಯೂ ಪರಿಣಮಿಸಬಲ್ಲದು. ಔಷಧವೋ ಆಯಾಸವೋ ಎಂಬುದನ್ನು ನಿರ್ಣಯಿಸುವವರಲ್ಲಿ ಶ್ರೋತೃಗಳೂ ಸೇರಿದ್ದಾರೆ.

ಸಾಧನೆಯ ವಿಷಯದಲ್ಲಿಯೂ ಈ ವಿದ್ಯಾರ್ಥಿಗಳು ಹೇಳಿದುದನ್ನು ಲೋಕವು ಅರ್ಧ ಮಾತ್ರ ಕೇಳಿಸಿಕೊಂಡಿದೆ. ಬರ್ಲಿನ್ನಿನ ಸಂಗೀತಶಾಲೆಯ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ೧೯೯೩ರಲ್ಲಿ ಪ್ರಕಟಿಸಿದ ಲೇಖನದಿಂದ, ಉತ್ತಮರಾದವರು ಇಪ್ಪತ್ತನೆಯ ವಯಸ್ಸಿನ ಹೊತ್ತಿಗೆ ಸರಾಸರಿಯಲ್ಲಿ ಹತ್ತು ಸಾವಿರ ಗಂಟೆಗಳಷ್ಟು ಸಾಧನೆ ಮಾಡಿದ್ದರೆಂಬ ಮಾತು ಜಗತ್ತೆಲ್ಲ ಹಬ್ಬಿತು. ಮಕ್ಕಳನ್ನು ಮುಂಜಾನೆಯೇ ಎಬ್ಬಿಸಿ ಕೂರಿಸುವ ತಂದೆತಾಯಿಗಳಿಗೆ ಅದೊಂದು ಮಂತ್ರವಾಯಿತು. ಅದೇ ಲೇಖನದಲ್ಲಿ ಇನ್ನೊಂದು ಸಂಗತಿಯಿತ್ತು. ಆ ಉತ್ತಮ ವಿದ್ಯಾರ್ಥಿಗಳು ಉಳಿದವರಿಗಿಂತ ಹೆಚ್ಚು ನಿದ್ರೆ ಮಾಡುತ್ತಿದ್ದರು. ಮಧ್ಯಾಹ್ನದಲ್ಲಿಯೂ ಒಂದಿಷ್ಟು ಮಲಗುತ್ತಿದ್ದರು. ಸಾಧನೆಯನ್ನು ತುಂಡುತುಂಡಾಗಿ ಮಾಡಿ ನಡುವೆ ವಿಶ್ರಮಿಸುತ್ತಿದ್ದರು. ಗಂಟೆಗಳ ಲೆಕ್ಕ ಎಲ್ಲರಿಗೂ ನೆನಪಿದೆ, ನಿದ್ರೆಯ ಲೆಕ್ಕ ಯಾರಿಗೂ ನೆನಪಿಲ್ಲ. ಯುಕ್ತವಾದ ಆಹಾರ, ವಿಹಾರ, ನಿದ್ರೆಗಳನ್ನು ಯೋಗದ ಅಂಗವೆಂದು ಹೇಳಿಕೊಟ್ಟ ದೇಶದಲ್ಲಿಯೂ ಹೀಗಾಗಬೇಕೆ?

ವಿಶ್ರಾಂತಿಯಿಲ್ಲದ ಸಾಧನೆ ಏನನ್ನು ಮಾಡಬಲ್ಲದೆಂಬುದಕ್ಕೆ ಕೆಲವು ಕರುಣಾಜನಕ ದೃಷ್ಟಾಂತಗಳಿವೆ. ಜರ್ಮನಿಯ ರಾಬರ್ಟ್ ಶೂಮನ್ನನು ಮಹಾ ಪಿಯಾನೋವಾದಕನಾಗಬೇಕೆಂದು ಹೊರಟು, ೧೮೩೦ರ ದಶಕದ ಆದಿಯಲ್ಲಿ ಬಲಗೈಯ ಬೆರಳು ವಶತಪ್ಪಿದ್ದರಿಂದ ಆ ಆಸೆಯನ್ನೇ ಬಿಟ್ಟನು. ಇದರ ಕಾರಣವನ್ನು ಕುರಿತು ವಿದ್ವಾಂಸರಲ್ಲಿ ಇಂದಿಗೂ ವಾದವುಂಟು. ಅಮೆರಿಕದ ಲಿಯಾನ್ ಫ್ಲೈಷರ್ ಕೀರ್ತಿಯ ಶಿಖರದಲ್ಲಿದ್ದಾಗ, ೧೯೬೪ರ ಸುಮಾರಿನಲ್ಲಿ, ಬಲಗೈಯ ಕೊನೆಯ ಎರಡು ಬೆರಳುಗಳು ತಾವಾಗಿ ಅಂಗೈಯೊಳಗೆ ಮಡಿಚಿಕೊಳ್ಳತೊಡಗಿದವು. ಕೈಯಲ್ಲಿ ಗಾಯವಿಲ್ಲ, ಮೂಳೆ ಮುರಿದಿಲ್ಲ. ವಾದ್ಯದ ಮುಂದೆ ಕುಳಿತರೆ ಮಾತ್ರ ಬೆರಳು ಮಾತು ಕೇಳದು. ಇದು ಕೈಯ ರೋಗವಲ್ಲ, ಮಿದುಳಿನ ರೋಗ. ಮಿದುಳಿನಲ್ಲಿ ಒಂದೊಂದು ಬೆರಳಿಗೂ ಒಂದೊಂದು ಕ್ಷೇತ್ರವುಂಟು. ತಂತಿವಾದ್ಯ ನುಡಿಸುವವರಲ್ಲಿ ಎಡಗೈ ಬೆರಳುಗಳ ಕ್ಷೇತ್ರಗಳು ಉಳಿದವರಿಗಿಂತ ವಿಸ್ತಾರವಾಗಿವೆಯೆಂದು ೧೯೯೫ರಲ್ಲಿ ಜರ್ಮನಿಯಲ್ಲಿ ತೋರಿಸಿಕೊಟ್ಟರು. ಸಾಧನೆಯಿಂದ ಬೆಳೆದ ಈ ಹೊಲಗಳ ಬದುಗಳು ಕೆಲವರಲ್ಲಿ ಅಳಿಸಿಹೋಗಿ ಒಂದು ಹೊಲ ಇನ್ನೊಂದರೊಳಗೆ ನುಗ್ಗುತ್ತದೆ. ಆಗ ಒಂದು ಬೆರಳನ್ನೆತ್ತಲು ಹೋದರೆ ಇನ್ನೊಂದು ಮಡಿಚಿಕೊಳ್ಳುತ್ತದೆ. ವೃತ್ತಿವಾದಕರಲ್ಲಿ ಸುಮಾರು ನೂರಕ್ಕೊಬ್ಬರು ಈ ಕಷ್ಟಕ್ಕೊಳಗಾಗುತ್ತಾರೆಂದು ಬಲ್ಲವರ ಅಂದಾಜು. ಫ್ಲೈಷರ್ ಮೂರು ದಶಕಗಳ ಕಾಲ ಎಡಗೈಯಿಂದಲೇ ನುಡಿಸಿದನು, ಪಾಠ ಹೇಳಿದನು. ೧೯೯೦ರ ದಶಕದಲ್ಲಿ ಸೂಜಿಮದ್ದಿನ ಚಿಕಿತ್ಸೆಯಿಂದ ಎರಡು ಕೈಗಳೂ ಮತ್ತೆ ವಾದ್ಯವನ್ನು ಸೇರಿದವು. ಅವನು ೨೦೨೦ರಲ್ಲಿ ತೀರಿಕೊಂಡನು. ಆದರೆ ಎಡಗೈಯ ಸಂಗೀತವನ್ನು ಬರೆಯಿಸಿಕೊಳ್ಳುವ ಕೀರ್ತಿಯಾಗಲಿ, ಮೂವತ್ತು ವರ್ಷ ಕಾಯುವ ಅನುಕೂಲವಾಗಲಿ ಇಲ್ಲದ ಸಾಮಾನ್ಯ ವಾದಕರು ಎಷ್ಟು ಮಂದಿ ಸದ್ದಿಲ್ಲದೆ ವಾದ್ಯವನ್ನು ಗವಸಣಿಗೆಯಲ್ಲಿ ಕಟ್ಟಿಟ್ಟರೋ!

ಕನ್ನಡ ನಾಡಿಗೂ ಈ ಕಥೆ ದೂರದ್ದಲ್ಲ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕನು ಕುಮಾರ ಗಂಧರ್ವನೆಂದು ದೇಶದಲ್ಲೆಲ್ಲ ಹೆಸರಾದನು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯದಲ್ಲಿ ಕ್ಷಯರೋಗವು ಅವನನ್ನು ಹಾಸಿಗೆಗೆ ಕೆಡವಿತು. ಮಧ್ಯಭಾರತದ ದೇವಾಸದಲ್ಲಿ ಸುಮಾರು ಐದು ವರ್ಷ ಹಾಡದೆ ಮಲಗಿದ್ದ ಅವನ ಒಂದು ಪುಪ್ಪುಸವು ನಿರುಪಯುಕ್ತವಾಯಿತು. ಆಗ ತಾನೇ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧವೂ ಹೆಂಡತಿ ಭಾನುಮತಿಯ ಶುಶ್ರೂಷೆಯೂ ಅವನನ್ನು ಉಳಿಸಿದವು. ಮಲಗಿದಲ್ಲಿಯೇ ಕಿವಿಗೆ ಬೀಳುತ್ತಿದ್ದ ಮಾಳವದ ಜನಪದ ಹಾಡುಗಳು ಮುಂದೆ ಅವನ ಸಂಗೀತದ ಒಂದು ಮೂಲವಾದವು. ಇದ್ದ ಉಸಿರಿಗೆ ತಕ್ಕಂತೆ ಅವನು ಹಾಡುವ ರೀತಿಯನ್ನೇ ಹೊಸದಾಗಿ ಕಟ್ಟಿಕೊಂಡನು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಕಂಠವು ಮೊದಲು ಹೆಣ್ಣುಮಕ್ಕಳಿಗೆ ಸಹಜವಾದ ಸಣ್ಣ ಕಂಠವಾಗಿದ್ದು, ಗಂಟಲಿನ ಚಿಕಿತ್ಸೆಯೊಂದರ ತರುವಾಯ ಗಂಡುದನಿಯಂತೆ ದಪ್ಪವಾಯಿತು. ಆ ದನಿಯಲ್ಲಿಯೇ ಅವರು ಜಗನ್ಮಾನ್ಯರಾದರು. ಇಂಥ ಮಹನೀಯರ ಚರಿತ್ರೆಯನ್ನು ಹೇಳುವಾಗ ಜನರು ಕಷ್ಟವೇ ಕಲೆಯನ್ನು ಬೆಳಗಿಸಿತೆಂದು ಸುಲಭವಾದ ನೀತಿಯನ್ನು ತೆಗೆಯುತ್ತಾರೆ. ಅದು ಪೂರ್ಣವಾದ ನೀತಿಯಲ್ಲ. ಅವರನ್ನು ಉಳಿಸಿದುದು ಔಷಧ, ಆರೈಕೆ, ಧೈರ್ಯ, ವಿವೇಕಗಳೇ ಹೊರತು ರೋಗವಲ್ಲ. ದಡ ಸೇರಿದವರ ಹೆಸರುಗಳು ಮಾತ್ರ ಚರಿತ್ರೆಯಲ್ಲಿ ಉಳಿಯುವುದರಿಂದ ಹೊಳೆಯನ್ನೇ ಗುರುವೆಂದು ಕರೆಯಬಾರದು.

ಇಷ್ಟನ್ನು ಕೇಳಿದ ಮೇಲೆ ಸಂಪ್ರದಾಯಜ್ಞರು ಕೆಲವು ಆಕ್ಷೇಪಗಳನ್ನು ತರಬಹುದು. ಭಯವೇ ಇಲ್ಲದವನ ಹಾಡಿನಲ್ಲಿ ಜೀವವಿರುವುದೇ ಎಂಬುದು ಮೊದಲನೆಯದು. ಆಕ್ಷೇಪವು ಸಾಧುವಾದುದೇ. ೧೯೦೮ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಅಮೆರಿಕನ್ನರು ಇಲಿಗಳ ಮೇಲೆ ನಡೆಸಿದ ಪರೀಕ್ಷೆಗಳಿಂದ, ಕಷ್ಟವಾದ ಕೆಲಸವನ್ನು ಕಲಿಯುವಾಗ ಪ್ರಚೋದನೆ ತೀರ ಕಡಮೆಯಾದರೂ ತೀರ ಹೆಚ್ಚಾದರೂ ಕೆಡುಕೆಂದು ಕಂಡುಬಂದಿತು. ವೀಣೆಯ ತಂತಿಯನ್ನು ಸಡಿಲ ಬಿಟ್ಟರೆ ನಾದವಿಲ್ಲ, ಅತಿಯಾಗಿ ಬಿಗಿದರೆ ತಂತಿಯೇ ಇಲ್ಲ ಎಂಬ ಅನುಭವವೂ ಇದನ್ನೇ ಹೇಳುತ್ತದೆ. ಸಂಶೋಧಕನು ಭಯವನ್ನು ಬೇರುಸಹಿತ ಕೀಳಲು ಬಂದವನಲ್ಲ; ಶ್ರುತಿ ಸೇರಿಸಲು ಬಂದವನು.

ಭಯಕ್ಕೆ ಗುಳಿಗೆಗಳಿವೆಯಲ್ಲವೇ, ವಿಚಾರವೇಕೆ ಎಂಬುದು ಎರಡನೆಯದು. ಹೃದ್ರೋಗಕ್ಕೆಂದು ಹುಟ್ಟಿದ ಬೀಟಾ ತಡೆ ಔಷಧಗಳು ಎದೆಬಡಿತವನ್ನೂ ಕೈನಡುಕವನ್ನೂ ಇಳಿಸುತ್ತವೆ. ೧೯೭೭ರಲ್ಲಿ ಲಂಡನ್ನಿನ ವೈದ್ಯರು ತಂತಿವಾದ್ಯದ ೨೪ ಮಂದಿ ವಾದಕರಿಗೆ ಇದನ್ನು ಕೊಟ್ಟು, ಅವರ ವಾದನವು ಸುಧಾರಿಸಿತೆಂದು ಕಂಡರು. ಹಿಂದೆ ಹೇಳಿದ ೧೯೮೮ರ ವರದಿಯ ವಾದಕರಲ್ಲಿ ನೂರಕ್ಕೆ ೨೭ ಮಂದಿ ಇದನ್ನು ಬಳಸಿದ್ದರು. ಅವರಲ್ಲಿ ಬಹುಮಂದಿ ವೈದ್ಯರನ್ನು ಕೇಳದೆಯೇ ಬಳಸುತ್ತಿದ್ದರು. ಉಬ್ಬಸವುಳ್ಳವರಿಗೆ ಇದು ಅಪಾಯಕಾರಿಯಾಗಬಹುದೆಂಬುದನ್ನು ನೆನೆದರೆ ಈ ಗುಟ್ಟಿನ ಸೇವನೆ ಎಷ್ಟು ಕೆಟ್ಟದ್ದೆಂಬುದು ತಿಳಿಯುತ್ತದೆ. ಗುಳಿಗೆಯು ಕೈಯ ನಡುಕವನ್ನು ನಿಲ್ಲಿಸೀತು. ನಡುಕವು ಗುರುವಿನ ಬೈಗುಳದಿಂದ ಬಂದಿತೋ, ಹಸಿವಿನಿಂದ ಬಂದಿತೋ, ಮುಂದಿನ ಕಚೇರಿ ಸಿಕ್ಕೀತೋ ಇಲ್ಲವೋ ಎಂಬ ಚಿಂತೆಯಿಂದ ಬಂದಿತೋ ಎಂಬುದನ್ನು ಅದು ಕೇಳುವುದಿಲ್ಲ. ಕೇಳುವುದಕ್ಕೆ ಮನುಷ್ಯನೇ ಬೇಕು.

ಸಂಗೀತದ ರಹಸ್ಯವನ್ನು ಗಾಜಿನ ನಳಿಗೆಯಲ್ಲಿ ಹಿಡಿಯಲಾದೀತೇ ಎಂಬುದು ಮೂರನೆಯ ಆಕ್ಷೇಪ. ಆಗದು, ಆಗುವುದೆಂದು ಹೇಳಿದವರು ಎಡವಿಯೂ ಇದ್ದಾರೆ. ೧೯೯೩ರಲ್ಲಿ ಕ್ಯಾಲಿಫೋರ್ನಿಯದಲ್ಲಿ ೩೬ ಮಂದಿ ವಿದ್ಯಾರ್ಥಿಗಳಿಗೆ ಮೊಟ್ಸಾರ್ಟನ ಸಂಗೀತವನ್ನು ಹತ್ತು ನಿಮಿಷ ಕೇಳಿಸಿದಾಗ, ಆಕಾರಗಳನ್ನು ಮನಸ್ಸಿನಲ್ಲಿ ಮಡಿಸಿ ನೋಡುವಂಥ ಪರೀಕ್ಷೆಯಲ್ಲಿ ಅವರು ಕೊಂಚ ಮುಂದಾದರು. ಆ ಲಾಭವು ಹತ್ತು ಹದಿನೈದು ನಿಮಿಷ ಮಾತ್ರ ನಿಂತಿತೆಂದು ಪರೀಕ್ಷಿಸಿದವರೇ ಬರೆದಿದ್ದರು. ಲೋಕವು ಅಷ್ಟನ್ನು ಬಿಟ್ಟು, ಮೊಟ್ಸಾರ್ಟನನ್ನು ಕೇಳಿದರೆ ಮಕ್ಕಳು ಬುದ್ಧಿವಂತರಾಗುವರೆಂದು ಸಾರಿತು. ೧೯೯೮ರಲ್ಲಿ ಜಾರ್ಜಿಯ ಸಂಸ್ಥಾನದ ಗವರ್ನರನು ಹುಟ್ಟಿದ ಪ್ರತಿಯೊಂದು ಮಗುವಿಗೂ ಸಂಗೀತದ ತಟ್ಟೆಯನ್ನು ಹಂಚಲು ಹಣ ಕೇಳಿದನು. ಮುಂದೆ ಬೇರೆ ವಿದ್ಯಾರ್ಥಿಗಳು ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ, ಅದು ಸಂಗೀತದ ಮಹಿಮೆಯಲ್ಲ, ಮನಸ್ಸು ಉಲ್ಲಾಸಗೊಂಡುದರ ಫಲವೆಂದು ೨೦೦೧ರ ಹೊತ್ತಿಗೆ ತೋರಿಸಿದರು. ಇದರಿಂದ ಸಂಶೋಧನೆ ಸುಳ್ಳೆಂದು ತಿಳಿಯಬಾರದು. ತಪ್ಪನ್ನು ತಿದ್ದಿದುದೂ ಸಂಶೋಧನೆಯೇ. ಪೂರ್ವಪಕ್ಷವನ್ನು ನಿಲ್ಲಿಸಿ ಸಿದ್ಧಾಂತಕ್ಕೆ ಬರುವ ಶಾಸ್ತ್ರಪದ್ಧತಿಗೆ ಒಗ್ಗಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು.

ಇದಲ್ಲದೆ, ಒಳ್ಳೆಯ ವಿದ್ಯಾರ್ಥಿಯು ರಹಸ್ಯವನ್ನು ಕಡಮೆ ಮಾಡುವುದಿಲ್ಲ, ಅದು ಎಲ್ಲಿದೆಯೆಂಬುದನ್ನು ತೋರಿಸುತ್ತಾನೆ. ೧೯೯೯ರಲ್ಲಿ ಕೆನಡದಲ್ಲಿ, ಭಾರತದ ಸಂಗೀತದ ಪರಿಚಯವಿಲ್ಲದವರಿಗೆ ಹಿಂದೂಸ್ತಾನಿ ರಾಗಗಳನ್ನು ಕೇಳಿಸಿ ಯಾವ ಭಾವವೆಂದು ಕೇಳಿದರು. ಸಂತೋಷ, ದುಃಖ, ಕೋಪಗಳನ್ನು ಅವರು ಗುರುತಿಸಿದರು. ಶಾಂತಿಯನ್ನು ಮಾತ್ರ ಹಾಗೆ ಗುರುತಿಸಲಾರದೆ ಹೋದರು. ಭರತನು ಎಂಟು ರಸಗಳನ್ನು ಹೇಳಿದಮೇಲೆ, ಶಾಂತವೂ ಒಂದು ರಸವೇ ಎಂಬ ವಾದವು ಅಲಂಕಾರಿಕರಲ್ಲಿ ಶತಮಾನಗಳ ಕಾಲ ನಡೆದು, ಅಭಿನವಗುಪ್ತನು ಅದನ್ನು ಸಮರ್ಥಿಸಿ ನಿಲ್ಲಿಸಬೇಕಾಯಿತು. ಅಂಥ ಶಾಂತವು ಹೊಸ ಕಿವಿಗೆ ಒಮ್ಮೆಗೇ ದೊರೆಯದಿದ್ದುದರಲ್ಲಿ ಎಷ್ಟು ಅರ್ಥವಿದೆ! ೨೦೦೬ರ ಇನ್ನೊಂದು ಪರೀಕ್ಷೆಯಲ್ಲಿ, ಭಾರತೀಯ ರಾಗವೂ ಸೇರಿದಂತೆ ಆರು ಬಗೆಯ ಸಂಗೀತವನ್ನು ೨೪ ಮಂದಿಗೆ ಕೇಳಿಸಿ ಉಸಿರನ್ನೂ ನಾಡಿಯನ್ನೂ ಅಳೆದಾಗ, ಸಂಗೀತಗಳ ನಡುವೆ ಬಿಟ್ಟಿದ್ದ ಎರಡು ನಿಮಿಷಗಳ ಮೌನವೇ ದೇಹಕ್ಕೆ ಹೆಚ್ಚಿನ ವಿಶ್ರಾಂತಿಯನ್ನು ಕೊಟ್ಟಿತೆಂದು ತಿಳಿದುಬಂದಿತು. ಹಾಡು ಮುಗಿದ ಕೂಡಲೆ ಚಪ್ಪಾಳೆಗೆ ಧಾವಿಸುವ ಸಭೆಗಳು ಇದನ್ನು ಮನನ ಮಾಡಬಹುದು.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ ಸಂಗೀತಕ್ಕೂ ಮಿದುಳಿಗೂ ಇರುವ ಸಂಬಂಧವನ್ನು ವಿಚಾರಿಸ��ವ ಪ್ರಯೋಗಶಾಲೆಯಿದೆ. ಆದರೆ ಪ್ರಯೋಗಶಾಲೆಯವರು ಎಷ್ಟೇ ದುಡಿದರೂ, ಹಳ್ಳಿಹಳ್ಳಿಯ ಉತ್ಸವದ ಚಪ್ಪರದಲ್ಲಿ ಮೊದಲ ಸಲ ಹಾಡುವ ಹನ್ನೆರಡು ವರ್ಷದ ಹುಡುಗಿಯ ನಡುಕವನ್ನು ನೋಡಬೇಕಾದವರು ಅಲ್ಲಿಯ ಹಿರಿಯರೇ. ಅವಳು ಒಂದು ಸಾಲನ್ನು ಮರೆತು ನಿಂತಾಗ ಮುಂದಿನ ಪಂಕ್ತಿಯಲ್ಲಿ ಕುಳಿತವರು ನಕ್ಕರೆ, ಅವಳು ಮತ್ತೆಂದೂ ಹಾಡದೆ ಹೋಗಬಹುದು. ಆ ನಷ್ಟವು ಯಾವ ವರದಿಯಲ್ಲಿಯೂ ಬರುವುದಿಲ್ಲ, ಯಾವ ಅಂಕಿಯಲ್ಲಿಯೂ ಸೇರುವುದಿಲ್ಲ. ಶಿಷ್ಯನನ್ನು ತಿದ್ದುವುದು ಗುರುವಿನ ಹಕ್ಕು. ಹತ್ತು ಮಂದಿಯ ಮುಂದೆ ಹಳಿಯುವುದು ಹಕ್ಕಲ್ಲ.

ಸಭೆಗಳನ್ನು ನಡೆಸುವವರಿಗೆ ದೊಡ್ಡ ಖರ್ಚಿಲ್ಲದ ಕೆಲವು ಕರ್ತವ್ಯಗಳಿವೆ. ಕಲಾವಿದರು ಹಾಡುವ ಮುನ್ನ ಒಂದರ್ಧ ಗಂಟೆ ಒಬ್ಬರೇ ಕುಳಿತುಕೊಳ್ಳಲು ಒಂದು ಕೋಣೆ, ಕುಡಿಯಲು ಬಿಸಿನೀರು, ಹೇಳಿದ ಹೊತ್ತಿಗೆ ಆರಂಭ, ಕಿವಿ ಒಡೆಯದಂತೆ ಧ್ವನಿವರ್ಧಕದ ಹದ, ಪಕ್ಕವಾದ್ಯದವರಿಗೆ ಅದೇ ರಾತ್ರಿ ಸಂಭಾವನೆ — ಇಷ್ಟು ನಡೆದರೆ ಅರ್ಧ ಸಭಾಕಂಪ ಇಳಿಯುತ್ತದೆ. ಅನಾರೋಗ್ಯವೆಂದು ಒಮ್ಮೆ ಬಾರದಿದ್ದವರನ್ನು ಮರುವರ್ಷ ಮರೆಯದೆ ಕರೆಯುವುದು ಇವೆಲ್ಲಕ್ಕಿಂತ ದೊಡ್ಡ ಔಷಧ. ಏಕೆಂದರೆ ನೋವನ್ನು ಹೇಳಿದರೆ ಅನ್ನಕ್ಕೆ ಸಂಚಕಾರವಿಲ್ಲವೆಂದು ಅದರಿಂದ ಎಲ್ಲರಿಗೂ ತಿಳಿಯುತ್ತದೆ. ಪ್ರಶ್ನಾವಳಿಯನ್ನು ಹಿಡಿದು ಬಾಗಿಲಿಗೆ ಬರುವ ವಿದ್ಯಾರ್ಥಿಗೂ ಒಂದು ಚಾಪೆಯನ್ನು ಹಾಸಬೇಕು. ಅವನು ಕೇಳುವ ಪ್ರಶ್ನೆ ಅಪೂರ್ವವಾದುದಲ್ಲ. ಮನೆಗೆ ಬಂದ ನೆಂಟನನ್ನು ಯಾರಾದರೂ ಕೇಳುವಂಥದು — ಆರೋಗ್ಯವಾಗಿದ್ದೀರಾ ಎಂದು. ಇಷ್ಟು ಕಾಲ ಸಂಗೀತವನ್ನು ಕೊಟ್ಟವರನ್ನು ಅದನ್ನು ಕೇಳಲು ಸಭೆಗಳು ಮರೆತಿದ್ದವು.